ಸಾರಥ್ಯವೂ ಒಂದು ವಿದ್ಯೆ

ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತವನಿಗೆ ಏಕಾಂತವೆಂಬುದು ದಕ್ಕುವುದು ಅಪರೂಪ. ಮೇಷ್ಟರಾಗಿದ್ದು ನಿವೃತ್ತನಾದವನಿಗಂತೂ ನೆರೆಹೊರೆಯ ಸಂಸಾರದ ಮೊಕದ್ದಮೆಗಳನ್ನು ಕೇಳಿ ತೀರ್ಪು ಕೊಡುವ ಹೊಣೆ ತಾನಾಗಿಯೇ ಬಂದುಬಿಡುತ್ತದೆ. ಹೋದ ತಿಂಗಳು ಅಂಥದೊಂದು ಮೊಕದ್ದಮೆ ಬಂದಿತು. ಫಿರ್ಯಾದಿ ತಂದೆ, ಮೂವತ್ತು ವರ್ಷ ಲಾರಿ ನಡೆಸಿದವರು. ಪ್ರತಿವಾದಿ ಮಗ, ಪಿ.ಯು. ಮುಗಿಸಿ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಕೈಯನ್ನು ಮಸಿ ಮಾಡಿಕೊಳ್ಳುತ್ತಿರುವ ಹುಡುಗ.

"ಮೇಷ್ಟ್ರೇ, ನೀವಾದ್ರೂ ಇವನಿಗೆ ಬುದ್ಧಿ ಹೇಳ್ರಿ. ನನ್ನ ಹಂಗೆ ಸ್ಟೇರಿಂಗ್ ಹಿಡೀಬಾರ್ದು ಅಂತ ಓದಿಸಿದೆ. ಇವನು ರೇಸಿನ ಡ್ರೈವರ್ ಆಗ್ತೀನಿ ಅಂತಾನೆ."

ಹುಡುಗ ತಲೆ ತಗ್ಗಿಸಿಕೊಂಡೇ, "ಅದೂ ಒಂದು ಕೆಲಸಾನೇ ಅಲ್ವಾ ಸಾರ್?" ಎಂದ.

ಒಡನೆಯೇ ತೀರ್ಪು ಕೊಡಲು ನನ್ನಿಂದಾಗಲಿಲ್ಲ. ಒಂದು ವಾರದ ವಾಯಿದೆ ಕೇಳಿದೆ. ಆ ವಾರದಲ್ಲಿ ಓದಿ ಯೋಚಿಸಿದುದನ್ನು ಈಗ ವಾಚಕರ ಮುಂದಿಡುತ್ತಿದ್ದೇನೆ.

ರಥ ನಡೆಸುವವನನ್ನು ಕೀಳಾಗಿ ಕಾಣುವುದು ನಮ್ಮಲ್ಲಿ ಇಂದಿನ ಮಾತಲ್ಲ. ಕರ್ಣನನ್ನು ತುಂಬಿದ ಸಭೆಯಲ್ಲಿ ಹಂಗಿಸಬೇಕಾದಾಗ ಸೂತಪುತ್ರನೆಂದರೆ ಸಾಕಾಗಿತ್ತು. ಆದರೆ ಅದೇ ಭಾರತದಲ್ಲಿ ನಳನ ಕಥೆಯೂ ಇದೆಯೆಂಬುದನ್ನು ಮರೆಯಲಾಗದು. ಬಾಹುಕನೆಂಬ ಹೆಸರಿನಿಂದ ಋತುಪರ್ಣನಲ್ಲಿ ಸಾರಥಿಯಾಗಿದ್ದ ನಳ ತನ್ನ ಅಶ್ವವಿದ್ಯೆಯನ್ನು ಕೊಟ್ಟು, ದೊರೆಯಿಂದ ಅಕ್ಷವಿದ್ಯೆಯನ್ನು ಪಡೆದ. ಎರಡೂ ವಿದ್ಯೆಗಳು ಅಲ್ಲಿ ಸಮತೂಕ. ಇಂದು ಕನ್ಯೆಯ ತಂದೆ ವರನು ಡ್ರೈವರೆಂದು ಕೇಳಿ ಮುಖ ತಿರುಗಿಸುವಾಗ ನಾವು ಕರ್ಣನ ಸಭೆಯನ್ನು ನೆನಪಿಟ್ಟು ನಳನ ರಥವನ್ನು ಮರೆತಿದ್ದೇವೆ.

ಅಮೆರಿಕದಲ್ಲಿ ಸ್ಟಾಕ್ ಕಾರ್ ಪಂದ್ಯವೆಂಬುದೊಂದಿದೆ. ಪಂದ್ಯಕ್ಕೆಂದೇ ಕಟ್ಟಿದ ಯಂತ್ರಗಳಿಂದಲ್ಲ, ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಕಾರುಗಳಿಂದ ಅದು ಹುಟ್ಟಿತು. ಕಾರುಗಳು ಬದಲಾದರೂ ಹೆಸರು ಉಳಿದಿದೆ. ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುತ್ತ, ಪೊಲೀಸರಿಂದ ತಪ್ಪಿಸಿಕೊಳ್ಳಲು ಕಾರಿನ ವೇಗ ಹೆಚ್ಚಿಸಿಕೊಂಡವರು ಅದರ ಮೊದಲ ವೀರರಲ್ಲಿ ಹಲವರು. 1948ರಲ್ಲಿ ನಾಸ್ಕಾರ್ ಸಂಸ್ಥೆ ಸ್ಥಾಪಿತವಾಯಿತು. 1949ರಲ್ಲಿ ಷಾರ್ಲಟ್ ನಗರದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಮುಂದೆ ಬಂದ ಗ್ಲೆನ್ ಡನವೇ ಅವರ ಕಾರನ್ನು ತಪಾಸಣೆ ಮಾಡಿದಾಗ, ಕಳ್ಳಭಟ್ಟಿಯ ಭಾರ ತಡೆಯಲೆಂದು ಹಿಂದಿನ ಸ್ಪ್ರಿಂಗುಗಳನ್ನು ಬದಲಾಯಿಸಿದ್ದುದು ಕಂಡಿತು. ಗೆಲುವು ಜಿಮ್ ರೋಪರ್ ಅವರ ಪಾಲಾಯಿತು. ಕಳ್ಳದಾರಿಯ ಚಾತುರ್ಯ ನಿಯಮದ ಕಟ್ಟಿಗೆ ಒಳಪಟ್ಟು ಮರ್ಯಾದೆಯ ವೃತ್ತಿಯಾದುದು ಹೀಗೆ.

ಕಾಲೊತ್ತಿ ವೇಗ ಹೆಚ್ಚಿಸುವುದಷ್ಟೇ ಈ ವೃತ್ತಿಯೆಂದು ನಾನೂ ತಿಳಿದಿದ್ದೆ. ಡೇಟೋನದ ದೊಡ್ಡ ಪಂದ್ಯ 500 ಮೈಲಿ, ಎಂದರೆ ಸುಮಾರು 800 ಕಿಲೋಮೀಟರು; ದಾವಣಗೆರೆಯಿಂದ ಬೆಂಗಳೂರಿಗೆ ಮೂರು ಸಲ ಹೋದಷ್ಟು ದೂರ. ಅಷ್ಟನ್ನೂ ಒಂದೇ ಪಥವನ್ನು 200 ಸಲ ಸುತ್ತಿ ಮುಗಿಸಬೇಕು. ಟೈರು ಸವೆಯದಂತೆ, ಪೆಟ್ರೋಲು ಮುಗಿಯದಂತೆ ಲೆಕ್ಕವಿಡಬೇಕು. ಲಾರಿಯ ಹಿಂದೆ ಸೈಕಲ್ಲು ತುಳಿಯುವ ಹುಡುಗ ಗಾಳಿಯ ತಡೆಯಿಂದ ತಪ್ಪಿಸಿಕೊಳ್ಳುವಂತೆ, ಮುಂದಿನ ಕಾರಿನ ಮರೆಯಲ್ಲಿ ಓಡಿ ತಕ್ಕ ಗಳಿಗೆಯಲ್ಲಿ ಹೊರಬೀಳಬೇಕು. ಇದಕ್ಕೆ ಬೇಕಾದುದು ಆವೇಶವಲ್ಲ, ತಾಳ್ಮೆ.

ಆ ತಾಳ್ಮೆಗೆ ವೆಂಡೆಲ್ ಸ್ಕಾಟ್ ಅವರಿಗಿಂತ ದೊಡ್ಡ ನಿದರ್ಶನ ನನಗೆ ದೊರೆಯಲಿಲ್ಲ. ವರ್ಜೀನಿಯದ ಡ್ಯಾನ್‌ವಿಲ್ ಊರಿನ ಈ ಕಪ್ಪು ಜನಾಂಗದ ಮೆಕ್ಯಾನಿಕ್ ಟ್ಯಾಕ್ಸಿ ನಡೆಸಿದವರು, ತಮ್ಮ ಕಾರನ್ನು ತಾವೇ ರಿಪೇರಿ ಮಾಡಿಕೊಂಡವರು. ಮಕ್ಕಳೇ ಅವರ ಸಹಾಯಕರು. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಅವರೇ ಗೆದ್ದರೂ ಬಾವುಟ ಬೀಸಿದ್ದು ಬಿಳಿಯ ಸ್ಪರ್ಧಿಗೆ. ಗಂಟೆಗಳು ಕಳೆದಮೇಲೆ ತಪ್ಪೊಪ್ಪಿಗೆ ಬಂದರೂ, ನಿಜವಾದ ಪಾರಿತೋಷಕ ಕುಟುಂಬದ ಕೈಸೇರಿದ್ದು 2021ರಲ್ಲಿ. ಆ ವೇಳೆಗೆ ಸ್ಕಾಟ್ ತೀರಿಕೊಂಡು ಮೂವತ್ತು ವರ್ಷಗಳಾಗಿದ್ದವು. ಮೇಲಿನ ದರ್ಜೆಯ 495 ಪಂದ್ಯಗಳಲ್ಲಿ ಅವರ ಗೆಲುವು ಅದೊಂದೇ.

ನಮ್ಮ ಕಡೆಯವರೂ ಈ ಹಾದಿ ಹಿಡಿದಿಲ್ಲವೆಂದಲ್ಲ. ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ, ಕೊಯಮತ್ತೂರಿನ ನರೇನ್ ಕಾರ್ತಿಕೇಯನ್, 2010ರಲ್ಲಿ ನಾಸ್ಕಾರಿನ ಟ್ರಕ್ಕುಗಳ ಸರಣಿಗೂ ಇಳಿದರು. ಮೊದಲ ಪಂದ್ಯದಲ್ಲಿ 13ನೆಯವರಾದರು. ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮುಲಾ ಟೂ ಸೇರಿ, 2021ರಿಂದ ಜರ್ಮನಿಯ ಡಿ.ಟಿ.ಎಂ. ಸರಣಿಯಲ್ಲಿ, ಮಾರಾಟದ ಕಾರುಗಳನ್ನೇ ಆಧರಿಸಿದ ಪಂದ್ಯಗಳಲ್ಲಿ, ಓಡಿದರು. ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂ ಪಂದ್ಯವೊಂದನ್ನು ಗೆದ್ದರು. ಹೆಮ್ಮೆಯ ಸಂಗತಿಯೇ. ಆದರೆ ಅವರದು ಉದ್ಯಮಿಗಳ ಮನೆತನವೆಂಬುದನ್ನೂ ಹೇಳದಿದ್ದರೆ ನಮ್ಮ ಹುಡುಗನಿಗೆ ಅರ್ಧಸತ್ಯ ಹೇಳಿದಂತಾದೀತು. ಆ ಮೆಟ್ಟಿಲುಗಳನ್ನೇರಲು ಚಾತುರ್ಯದಷ್ಟೇ ಹಣವೂ ಬೇಕು. ಆ ಹಣ ಲಾರಿ ಡ್ರೈವರನ ಕೈಗೆಟಕುವಂಥದಲ್ಲ.

ತಂದೆಯ ಭಯವೂ ಸುಳ್ಳಲ್ಲ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ಹದಿಮೂರು ವರ್ಷದ ಬಾಲಕನೊಬ್ಬ ಮದರಾಸಿನ ಪಥದಲ್ಲಿ ಮೋಟಾರ್ ಸೈಕಲ್ ಪಂದ್ಯದಲ್ಲಿ ಬಿದ್ದು ತೀರಿಕೊಂಡ. ಅಮೆರಿಕದ ಹೆಸರಾಂತ ಡೇಲ್ ಅರ್ನ್‌ಹಾರ್ಟ್ 2001ರಲ್ಲಿ ಡೇಟೋನದ ಕೊನೆಯ ಸುತ್ತಿನಲ್ಲಿ ಪ್ರಾಣ ಬಿಟ್ಟರು. ಕೊರಳನ್ನು ಕಾಯುವ ಸಾಧನ ಅಲ್ಲಿ ಕಡ್ಡಾಯವಾದುದು ಅದಾದ ಮೇಲೆಯೇ.

ಹಾಗಾದರೆ ತೀರ್ಪೇನು? ನನಗೆ ತೋರುವಂತೆ ತಂದೆಯೂ ಅಪರಾಧಿಯಲ್ಲ, ಮಗನೂ ಅಲ್ಲ, ಅಪರಾಧ ನಮ್ಮೆಲ್ಲರದು. ಹುಡುಗರು ರಾತ್ರಿ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದನ್ನು ಬೈಯುತ್ತೇವೆ, ಆದರೆ ಕಲಿಯುವುದಕ್ಕೆ ಬೇರೊಂದು ಜಾಗ ತೋರಿಸುವುದಿಲ್ಲ. ಜಿಲ್ಲಾ ಕೇಂದ್ರಗಳಲ್ಲಿ ಕ್ರಿಕೆಟ್ ಮೈದಾನಕ್ಕೆ ಭೂಮಿ ದೊರಕುವುದಾದರೆ, ಬೇಲಿ ಕಟ್ಟಿದ, ಶಿಕ್ಷಕನೂ ವೈದ್ಯನೂ ಇರುವ ಒಂದು ಚಿಕ್ಕ ಕಾರ್ಟ್ ಪಥಕ್ಕೆ ದೊರಕಬಾರದೇಕೆ? ಹರಿಹರದಲ್ಲಿ ಲೇತ್ ತಯಾರಿಸಿ ದೇಶಕ್ಕೆ ಕೊಟ್ಟ ಸೀಮೆ ನಮ್ಮದು. ಯಂತ್ರದ ಒಲವು ಇಲ್ಲಿಯ ಮಣ್ಣಿಗೆ ಹೊಸದಲ್ಲ.

ವಾರ ಕಳೆದು ಇಬ್ಬರೂ ಬಂದರು. ಹುಡುಗನಿಗೆ ಎರಡು ಮಾತು ಹೇಳಿದೆ: ಗ್ಯಾರೇಜು ಬಿಡಬೇಡ, ಆ ವೃತ್ತಿಯ ಹಾದಿ ಕಾರಿನ ಕೆಳಗಿನಿಂದ ಆರಂಭವಾಗುತ್ತದೆ, ಸಾರಥಿಯಾಗದಿದ್ದರೂ ಪಂದ್ಯದ ಮೆಕ್ಯಾನಿಕ್ ಆಗಬಹುದು. ಎರಡನೆಯದು, ಊರ ರಸ್ತೆಯಲ್ಲಿ ಎಂದೂ ಪಂದ್ಯ ಕಟ್ಟಬೇಡ. ತಂದೆಗೆ ಸ್ಕಾಟ್ ಅವರ ಕಥೆ ಹೇಳಿದೆ. ಮೂವತ್ತು ವರ್ಷ ಒಂದು ಜೀವಕ್ಕೂ ಹಾನಿಯಾಗದಂತೆ ಲಾರಿ ನಡೆಸಿದವರು ತಾವು ಕಲಿತದ್ದನ್ನು ವಿದ್ಯೆಯೆಂದು ಒಪ್ಪಿಕೊಳ್ಳಲು ನಾಚಬೇಕಾಗಿಲ್ಲವೆಂದೂ ಹೇಳಿದೆ.

ಅವರು ತುಸು ಹೊತ್ತು ಸುಮ್ಮನಿದ್ದು, "ಆ ಮನುಷ್ಯರ ಮಕ್ಕಳೂ ಜತಿಗೆ ಇದ್ರಾ ಮೇಷ್ಟ್ರೇ?" ಎಂದು ಕೇಳಿದರು.

ಇದ್ದರು ಎಂದೆ.