ತಾಯಿಯ ಹಾಲು ಮಗಳಿಗೆ ಎಷ್ಟು?

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಾವೆಲ್ಲ ಹೇಳುತ್ತಲೇ ಬಂದಿದ್ದೇವೆ. ಇದೇ ಮಾತನ್ನು ನಂಬಿ ನಾವೊಮ್ಮೆ ದನದ ಸಂತೆಯಲ್ಲಿ ಗಬ್ಬದ ಮಣಕವೊಂದನ್ನು ಕೊಂಡೆವು. "ಇದರ ತಾಯಿ ಹೊತ್ತಿಗೆ ಎಂಟು ಲೀಟರ್ ಹಿಂಡತಿತ್ರಿ ಸಾವಕಾರ್ರ, ಕಣ್ಣು ಮುಚ್ಚಿ ಹೊಡಕೊಂಡು ಹೋಗ್ರಿ" ಎಂದ ದಲಾಲಿ. ಈದ ಮೇಲೆ ಅದು ಹೊತ್ತಿಗೆ ಮೂರು ಲೀಟರ್ ದಾಟಲಿಲ್ಲ. ದಲಾಲಿ ಸುಳ್ಳು ಹೇಳಿರಬಹುದು. ಆದರೆ ಅವನು ನಿಜವನ್ನೇ ಹೇಳಿದ್ದರೂ ನಮ್ಮ ಲೆಕ್ಕ ತಪ್ಪಿತ್ತು.

ವ್ಯಾಪಾರಿ ಮನೆತನದವರಿಗೆ ಇದನ್ನು ಕೀರ್ದಿ ಬರೆದಂತೆ ಹೇಳುವುದೇ ಸುಲಭ. ಕೊಟ್ಟಿಗೆಯ ಸರಾಸರಿ ಒಂದು ಸೂಲಿಗೆ 2000 ಲೀಟರ್, ಒಂದು ಆಕಳದು ಮಾತ್ರ 3000 ಎಂದಿಟ್ಟುಕೊಳ್ಳಿ. ಹೆಚ್ಚಿನ 1000 ಲೀಟರ್ ಎಲ್ಲವೂ ವಂಶದ ಗುಣವಲ್ಲ. ಹಿಂಡಿ, ಮೇವು, ನೀರು, ಆರೋಗ್ಯ, ಎಷ್ಟನೇ ಸೂಲು, ಯಾವ ಕಾಲದಲ್ಲಿ ಈದಿತು ಎಂಬುದಕ್ಕೇ ದೊಡ್ಡ ಪಾಲು. ವಂಶದ್ದು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ. ಕಾಲು ಹಿಡಿದರೆ 250 ಲೀಟರ್. ಅದರಲ್ಲಿ ಮಗಳಿಗೆ ಇಳಿಯುವುದು ಅರ್ಧ, ಅಂದರೆ 125. ಹೋರಿ ಸಾಧಾರಣದ್ದಾಗಿದ್ದರೆ ಮಗಳಿಂದ ನಿರೀಕ್ಷಿಸಬಹುದಾದದ್ದು 2125 ಲೀಟರ್ ಅಷ್ಟೆ! ಅದೂ ಸರಾಸರಿ, ಅಕ್ಕ-ತಂಗಿ ಆಕಳುಗಳಲ್ಲೂ ಒಂದು ಮೇಲೆ, ಒಂದು ಕೆಳಗೆ. ತಾಯಿಯಿಂದ ಮಾತ್ರವೇ ಬರುವ ಮೈಟೊಕಾಂಡ್ರಿಯ ಎಂಬ ಅಂಶವೊಂದಿದೆ ನಿಜ, ಆದರೆ ಹಾಲಿನ ಮಟ್ಟಿಗೆ ಅದರ ಪ್ರಭಾವ ಸಣ್ಣದು. ಬೆಣ್ಣೆಯಂಶದ ಶೇಕಡಾ ಪ್ರಮಾಣ ಮಾತ್ರ ಹಾಲಿಗಿಂತ ಗಟ್ಟಿಯಾಗಿ ವಂಶದಲ್ಲಿ ಇಳಿಯುತ್ತದೆ. ಮನೆಯಲ್ಲೇ ತುಪ್ಪ ಕಾಸುವ ತಾಯಂದಿರು ಇದನ್ನು ಗಮನಿಸಬೇಕು.

ಉಳಿದರ್ಧ ಹೋರಿಯದು. ಹಾಲನ್ನೇ ಕೊಡದ ಹೋರಿಯನ್ನು ಅಳೆಯುವುದು ಅದರ ಹೆಣ್ಣುಮಕ್ಕಳ ಹಾಲಿನಿಂದ. ಹತ್ತಾರು ಕೊಟ್ಟಿಗೆಗಳಲ್ಲಿರುವ ಹೆಣ್ಣುಮಕ್ಕಳ 305 ದಿನಗಳ ಹಾಲಿನ ಲೆಕ್ಕ, ಒಂದು ತಾಯಿಯ ಎರಡು ಸೂಲಿನ ಲೆಕ್ಕಕ್ಕಿಂತ ಭದ್ರ. ಆದರೆ ಅಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಕರು ಎಳೆಯದಿರುವಾಗಲೇ ಅದರ ವಂಶಗುಣ ಅಂದಾಜಿಸಲು ಆಕಳಿಗೆ ಗೌಚಿಪ್, ಎಮ್ಮೆಗೆ ಮಹಿಷ್‌ಚಿಪ್ ಎಂಬ ಪರೀಕ್ಷೆಗಳನ್ನು 2024ರ ಅಕ್ಟೋಬರ್ 5ರಂದು ನಮ್ಮ ಮಹಾರಾಷ್ಟ್ರದ ವಾಶಿಮ್‌ನಲ್ಲೇ ಬಿಡುಗಡೆ ಮಾಡಿದರು. ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ದೇಶೀ ತಂತ್ರವೂ ಅಂದೇ ಬಂತು. ಇಂಥ ವೀರ್ಯದಿಂದ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣು.

ನಮ್ಮ ಮನೆಗಳಿಗೆ ಇದು ಬರೀ ಲಾಭದ ಮಾತಲ್ಲ. ಈ ಖಿಲಾರಿ ನಾಡಿನಲ್ಲಿ ಒಂದು ಕಾಲಕ್ಕೆ ಗಂಡು ಕರುವಿಗೇ ಬೆಲೆ. ಟ್ರ್ಯಾಕ್ಟರ್ ಬಂದ ಮೇಲೆ ಮಿಶ್ರತಳಿಯ ಗಂಡು ಕರು ಯಾರಿಗೂ ಬೇಡ. ಪಾಂಜರಪೋಳಕ್ಕೆ ಚಂದಾ ಬರೆಸುವ ನಾವು, ನಮ್ಮ ಕೊಟ್ಟಿಗೆಯ ಕರು ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಹಾಲು ಕಡಿಮೆಯಾದ ಆಕಳ ಕಥೆಯೂ ಇದೇ.

ಆಕಳು ಕೊಳ್ಳುವ ಓದುಗರು ಎರಡು ಹೊತ್ತು ಎದುರಿಗೇ ಹಿಂಡಿಸಿ ನೋಡಲಿ. ಮಣಕವಾದರೆ ತಾಯಿಯ ಹಾಲಿನ ಜೊತೆಗೆ ಹೋರಿಯ ನಂಬರನ್ನೂ ಕೇಳಲಿ. ಕೃತಕ ಗರ್ಭಧಾರಣೆ ಮಾಡಿದವರ ಬಳಿ ಅದು ಇರುತ್ತದೆ.

ನಮ್ಮ ಆ ಮೂರು ಲೀಟರಿನ ಆಕಳು ಇನ್ನೂ ನಮ್ಮಲ್ಲೇ ಇದೆ. ಮಾರಿದರೆ ಕೊಳ್ಳುವವರು ಯಾರೆಂದು ಗೊತ್ತಿದ್ದರಿಂದ ಮಾರಲಿಲ್ಲ. ಹೋದ ವರ್ಷ ಅದರ ಮಗಳು ಈದಿತು, ಹೊತ್ತಿಗೆ ಐದು ಲೀಟರ್. ಅದರ ತಂದೆಯ ನಂಬರನ್ನು ಅಂಗಡಿಯ ಹಳೆಯ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇವೆ.