ಹಾಲಿನ ಲೆಕ್ಕದಲ್ಲಿ ಸೇರದ ಗೊರಸು

ರಾಜ್ಯದ ಹಾಲು ಉತ್ಪಾದಕರಿಗೆ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾದ ಪ್ರೋತ್ಸಾಹಧನ ಮುಂದೆ 5 ರೂಪಾಯಿಗೆ ಏರಿತು. ಆದರೆ ಹಸುವಿನ ಕಾಲಿನ ಆರೋಗ್ಯ ನಮ್ಮ ಹೈನುಗಾರಿಕೆಯ ಚರ್ಚೆಯಲ್ಲಿ ಸುಳಿಯುವುದೇ ಅಪರೂಪ. ಗೊರಸು ತಿಂಗಳಿಗೆ ಸುಮಾರು 5 ಮಿ.ಮೀ. ಬೆಳೆಯುತ್ತದೆ. ಮೇಯಲು ಹೋಗುವ ನಾಟಿ ಹಸುವಿಗೆ ನೆಲವೇ ಅದನ್ನು ಸವೆಸುತ್ತದೆ. ದಿನವಿಡೀ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಮಿಶ್ರತಳಿ ಹಸುವಿಗೆ ಆ ಭಾಗ್ಯವಿಲ್ಲ. ಗೊರಸಿನ ತುದಿ ಚಾಚಿದಂತೆ ಭಾರವು ಹಿಮ್ಮಡಿಗೆ ಸರಿದು ಅಂಗಾಲಿನಲ್ಲಿ ಹುಣ್ಣಾಗುತ್ತದೆ. ಕುಂಟುವ ಹಸು ಮೇವು ತಿನ್ನುವುದು ಕಡಿಮೆ. ಹಾಲು ಇಳಿಯುತ್ತದೆ, ಬೆದೆಯ ಲಕ್ಷಣವೂ ಸರಿಯಾಗಿ ಗೋಚರಿಸದು. ವರ್ಷಕ್ಕೆ ಒಂದೆರಡು ಬಾರಿ ಗೊರಸು ಕತ್ತರಿಸುವ ಖರ್ಚು ಈ ನಷ್ಟದ ಮುಂದೆ ಅಲ್ಪವೆಂದೇ ನನ್ನ ಎಣಿಕೆ.

ಹಾಗೆಂದು ಕತ್ತಿ ಹಿಡಿದವರೆಲ್ಲ ಕೈಹಾಕುವ ಕೆಲಸ ಇದಲ್ಲ. ದೊಡ್ಡ ಹಸುವಿನ ಗೊರಸಿನ ಮುಂಭಾಗ 7.5 ಸೆಂ.ಮೀ.ಗಿಂತ ಗಿಡ್ಡವಾದರೆ ಅಂಗಾಲು ತೆಳುವಾಗಿ ಒಳಗಿನ ಜೀವಂತ ಭಾಗಕ್ಕೆ ಪೆಟ್ಟಾದೀತು. ತೊಳೆಯದ ಕತ್ತಿ ಒಂದು ಕೊಟ್ಟಿಗೆಯ ಸೋಂಕನ್ನು ಇನ್ನೊಂದಕ್ಕೆ ಒಯ್ಯುತ್ತದೆ. ತುಂಬು ಗಬ್ಬದ ಹಸುವನ್ನು ಕೆಡವಿ ಕಟ್ಟುವುದಂತೂ ಸಲ್ಲದು. ಎತ್ತಿಗೆ ಲಾಳ ಕಟ್ಟುವವರೂ ವಿರಳವಾಗುತ್ತಿದ್ದಾರೆ. ಕೃತಕ ಗರ್ಭಧಾರಣೆಗೆ ಹಳ್ಳಿಯ ಯುವಕರನ್ನು ತರಬೇತುಗೊಳಿಸಿದಂತೆಯೇ ಹಾಲು ಒಕ್ಕೂಟಗಳು ಈ ಕೆಲಸಕ್ಕೂ ಜನರನ್ನು ಸಿದ್ಧಪಡಿಸಲಿ. ಅವರ ಕೂಲಿಯಲ್ಲಿ ಅರ್ಧವನ್ನು ಸರ್ಕಾರ ಭರಿಸಲಿ.