ಪ್ರಾರ್ಥನೆಯ ಹೊತ್ತಿನಲ್ಲಿ ಒಲೆಯ ಮುಂದೆ ಯಾರು?

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನಾವೆಲ್ಲ ಹಣೆಗೆ ವಿಭೂತಿ ಇಡಿಸಿಕೊಂಡು ತಪಸ್ಸುಕಾಲಕ್ಕೆ ಕಾಲಿಟ್ಟಿರುತ್ತೇವೆ. ಶುಕ್ರವಾರದ ಶಿಲುಬೆಹಾದಿ, ಮನೆಮನೆಯ ಜಪಸರ, ಮೂರು ದಿನಗಳ ಧ್ಯಾನಕೂಟ, ಉಪವಾಸ ಪ್ರಾರ್ಥನೆ, ರಾತ್ರಿ ಜಾಗರಣೆ: ನಮ್ಮ ಧರ್ಮಕೇಂದ್ರಗಳು ಇಷ್ಟು ಚುರುಕಾಗುವ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಸಂತೋಷದ ಸಂಗತಿ. ಆದರೂ ಇದೇ ದಿನಗಳಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ದಣಿವೂ ಸಿಡುಕೂ ಒಟ್ಟಿಗೇ ಏರುತ್ತವೆ. ಧ್ಯಾನಕೂಟದಿಂದ ಬಂದವರು ಊಟ ತಡವಾಯಿತೆಂದು ಮುಖ ಗಂಟಿಕ್ಕುತ್ತಾರೆ. ಚರ್ಚಿನ ಕೆಲಸವೆಂದು ಬೆಳಗಿನಿಂದ ರಾತ್ರಿವರೆಗೆ ಓಡಾಡುವವರು ದೇವರ ಮುಂದೆ ಐದು ನಿಮಿಷ ಸುಮ್ಮನೆ ಕೂತು ಎಷ್ಟು ಕಾಲವಾಯಿತೋ ಅವರಿಗೇ ನೆನಪಿಲ್ಲ. ಕ್ರೈಸ್ತ ಬದುಕಿನ ಸಮತೋಲನ ತಪ್ಪುವುದಕ್ಕೆ ದೊಡ್ಡ ಪಾಪವೇ ಬೇಕೆಂದಿಲ್ಲ. ಬಹಳ ಸಲ ಅದು ಭಕ್ತಿಯ ಹೆಸರಿನಲ್ಲೇ ತಪ್ಪುತ್ತದೆ.

ಈ ವಿಷಯ ಬಂದಾಗಲೆಲ್ಲ ಪ್ರಬೋಧನೆಗಳಲ್ಲಿ ಮಾರ್ತಾಳಿಗೆ ಬೈಗುಳ ತಪ್ಪಿದ್ದಲ್ಲ. ಲೂಕನ ಶುಭಸಂದೇಶದ 10ನೇ ಅಧ್ಯಾಯದ ಆ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಯೇಸು ಮನೆಗೆ ಬಂದಿದ್ದಾರೆ. ಮರಿಯ ಅವರ ಪಾದದ ಬಳಿ ಕೂತು ಮಾತು ಕೇಳುತ್ತಿದ್ದಾಳೆ, ಮಾರ್ತಾ ಒಬ್ಬಳೇ ಅಡುಗೆ ಉಪಚಾರದಲ್ಲಿ ಬೇಯುತ್ತಿದ್ದಾಳೆ. ಅವಳು ದೂರು ಹೇಳಿದಾಗ ಯೇಸು ಮರಿಯಳ ಪರ ನಿಲ್ಲುತ್ತಾರೆ. ಆದರೆ ಲೂಕ ಇದನ್ನು ಎಲ್ಲಿಟ್ಟಿದ್ದಾನೆ ನೋಡಿ. ಒಳ್ಳೆಯ ಸಮಾರ್ಯದವನ ಕಥೆಯ ಬೆನ್ನಿಗೇ ಇಟ್ಟಿದ್ದಾನೆ. ಅಲ್ಲಿ ಯಾಜಕನೂ ಲೇವಿಯನೂ ಗಾಯಗೊಂಡವನನ್ನು ಕಂಡೂ ಪಕ್ಕದಿಂದ ಹಾದುಹೋಗುತ್ತಾರೆ. ಗಾಯಕ್ಕೆ ಎಣ್ಣೆ ಸುರಿದು, ಪಟ್ಟಿ ಕಟ್ಟಿ, ಛತ್ರದವನಿಗೆ ಎರಡು ದೆನಾರಿ ಕೊಟ್ಟವನೇ ಮೆಚ್ಚುಗೆಗೆ ಪಾತ್ರನಾಗುತ್ತಾನೆ. ಮೊದಲು ಕೈಕೆಲಸಕ್ಕೆ ಮೆಚ್ಚುಗೆ, ಮರುಗಳಿಗೆಗೆ ಸುಮ್ಮನೆ ಕೂತು ಕೇಳುವುದಕ್ಕೆ ಮೆಚ್ಚುಗೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಲೂಕನನ್ನು ಅರ್ಧ ಓದಿದಂತೆ. ಮಾರ್ತಾಳ ದೂರಿನಲ್ಲಿ ನ್ಯಾಯವೂ ಇತ್ತು. ಬಂದವರಿಗೆ ಯಾರಾದರೂ ಬೇಯಿಸಿ ಹಾಕಲೇಬೇಕಿತ್ತಲ್ಲ? ಆ ಪ್ರಶ್ನೆಗೆ ನನಗೆ ಕಂಡ ಅತ್ಯುತ್ತಮ ಉತ್ತರ ಬಂದದ್ದು ಐದು ಶತಮಾನಗಳ ನಂತರ, ಇಟಲಿಯ ಒಂದು ಬೆಟ್ಟದ ಮೇಲಿಂದ.

ನೂರ್ಸಿಯಾದ ಸಂತ ಬೆನೆಡಿಕ್ಟ್ ಸುಮಾರು 480ರಲ್ಲಿ ಹುಟ್ಟಿದವರು. ರೋಮ್‌ನಲ್ಲಿ ಓದುತ್ತಿದ್ದುದನ್ನು ಬಿಟ್ಟು ಸುಬಿಯಾಕೊದ ಗುಹೆಯಲ್ಲಿ ಒಂಟಿಯಾಗಿ ತಪಸ್ಸು ಮಾಡಿದರು. ಮುಂದೆ ಮೊಂತೆ ಕಸಿನೊ ಬೆಟ್ಟದ ಮೇಲೆ ಮಠ ಕಟ್ಟಿದರು. ಅವರು ಬರೆದ ನಿಯಮಾವಳಿ 73 ಅಧ್ಯಾಯಗಳ ಚಿಕ್ಕ ಪುಸ್ತಕ. ಕಠಿಣ ತಪಸ್ಸಿನ ರುಚಿ ಕಂಡವರು ಬರೆದದ್ದಾದ್ದರಿಂದಲೇ ಇರಬೇಕು, ಅದರಲ್ಲಿ ಮನುಷ್ಯರ ಮೈಯ ಮೇಲೆ ಅಪಾರ ಕರುಣೆಯಿದೆ. ಹಗಲು ಏಳು ಸಲ, ರಾತ್ರಿ ಒಂದು ಸಲ ಪ್ರಾರ್ಥನೆ. ವಾರದೊಳಗೆ 150 ಕೀರ್ತನೆಗಳೂ ಮುಗಿಯಬೇಕು. ನಡುನಡುವೆ ಕೈಕೆಲಸ, ಓದು, ಬೇಸಿಗೆಯಲ್ಲಿ ಮಧ್ಯಾಹ್ನದ ವಿಶ್ರಾಂತಿ. ಪ್ರಾರ್ಥನೆಯ ಕರೆ ಕೇಳಿದೊಡನೆ ಕೈಯಲ್ಲಿದ್ದುದನ್ನು ಅಲ್ಲಿಗೇ ಬಿಟ್ಟು ಓಡಿ ಬರಬೇಕು. ದೂರದ ಕೆಲಸಕ್ಕೆ ಹೋದವರು ಮಾತ್ರ ಇದ್ದಲ್ಲೇ ಮೊಣಕಾಲೂರಿದರೆ ಸಾಕು. ಊಟಕ್ಕೆ ಬೇಯಿಸಿದ ಪದಾರ್ಥ ಎರಡು ಬಗೆಯದಿರಬೇಕು, ಒಂದು ಒಗ್ಗದವನು ಇನ್ನೊಂದನ್ನು ಉಣ್ಣಲಿ ಎಂದು. ರಾತ್ರಿ ಪ್ರಾರ್ಥನೆಯ ಆರಂಭದ ಕೀರ್ತನೆಯೊಂದನ್ನು ಎಳೆದೆಳೆದು ನಿಧಾನವಾಗಿ ಹೇಳಬೇಕು, ನಿದ್ದೆಯಿಂದ ತಡವಾಗಿ ಎದ್ದವನು ಅಷ್ಟರಲ್ಲಿ ಬಂದು ಸೇರಿಕೊಳ್ಳಲಿ ಎಂದು. ಉಗ್ರಾಣಿಯಾದವನು ಮಠದ ಪಾತ್ರೆ ಪಡಗ, ಸಾಮಾನು ಸರಂಜಾಮುಗಳನ್ನೆಲ್ಲ ಬಲಿಪೀಠದ ಪೂಜಾಪಾತ್ರೆಗಳಂತೆ ಕಾಣಬೇಕು.

ಆ ಪುಸ್ತಕದ 35ನೇ ಅಧ್ಯಾಯ ಅಡುಗೆಮನೆಯದು. ಅಡುಗೆ ಮಾಡಿ ಬಡಿಸುವ ಕೆಲಸ ವಾರದ ಸರದಿಯಂತೆ ಎಲ್ಲರಿಗೂ ಬರುತ್ತದೆ. ಕಾಯಿಲೆಯವರಿಗೂ ಬಹುಮುಖ್ಯ ಹೊಣೆ ಹೊತ್ತವರಿಗೂ ಮಾತ್ರ ವಿನಾಯಿತಿ. ಒಬ್ಬರ ಕೈಲಾಗದಿದ್ದರೆ ಸಹಾಯಕರನ್ನು ಕೊಡಬೇಕು. ಬಡಿಸುವವರು ಹಸಿದ ಹೊಟ್ಟೆಯಲ್ಲಿ ಗೊಣಗಬಾರದೆಂದು ಊಟಕ್ಕೆ ಒಂದು ಗಂಟೆ ಮುಂಚೆಯೇ ಅವರಿಗೆ ಒಂದಿಷ್ಟು ರೊಟ್ಟಿ, ಒಂದಿಷ್ಟು ಪಾನೀಯ ಹೆಚ್ಚಿಗೆ. ಶನಿವಾರ ಸರದಿ ಮುಗಿಸುವವನು ಪಾತ್ರೆ ಬೆಳಗಿ, ಕೈಬಟ್ಟೆ ಒಗೆದು ಒಪ್ಪಿಸಬೇಕು. ಸರದಿ ಬಿಡುವವನೂ ಹಿಡಿಯುವವನೂ ಸೇರಿ ಎಲ್ಲರ ಪಾದ ತೊಳೆಯಬೇಕು. ಭಾನುವಾರ ಮುಂಜಾನೆಯ ಪ್ರಾರ್ಥನೆ ಮುಗಿದೊಡನೆ ಅವರು ಎಲ್ಲರೆದುರು ತಲೆಬಾಗಿ, ತಮಗಾಗಿ ಪ್ರಾರ್ಥಿಸುವಂತೆ ಕೇಳಿಕೊಳ್ಳಬೇಕು. ಮಾರ್ತಾಳ ದೂರಿಗೆ ಬೆನೆಡಿಕ್ಟ್ ಒಂದು ಸರದಿ ಪಟ್ಟಿಯನ್ನೇ ಉತ್ತರವಾಗಿ ಕೊಟ್ಟರು. ಒಲೆಯ ಮುಂದೆ ಎಲ್ಲರೂ ನಿಂತರೆ ಎಲ್ಲರಿಗೂ ಪಾದದ ಬಳಿ ಕೂರಲು ಬಿಡುವು ಸಿಗುತ್ತದೆ.

ಆಧ್ಯಾತ್ಮಿಕ ಸಮತೋಲನವೆಂದರೆ ಮನಸ್ಸಿನ ನೆಮ್ಮದಿ ಎಂದುಕೊಂಡಿದ್ದೇವೆ. ಇಷ್ಟು ಹೊತ್ತು ಪ್ರಾರ್ಥನೆ, ಇಷ್ಟು ಹೊತ್ತು ಸೇವೆ ಎಂದು ಗಂಟೆ ಎಣಿಸುತ್ತೇವೆ. ನನ್ನ ಮಟ್ಟಿಗೆ ಅದರ ಪರೀಕ್ಷೆ ಬೇರೆ ಕಡೆ ಇದೆ. ನಾನು ಕಣ್ಣುಮುಚ್ಚಿ ಕೂತಷ್ಟು ಹೊತ್ತು ನನ್ನ ಪಾಲಿನ ಕೆಲಸ ಯಾರ ಹೆಗಲೇರಿತು, ಅವರಿಗೆ ಪ್ರಾರ್ಥನೆಗೆ ಬಿಡುವು ಉಳಿಯಿತೇ ಎಂಬುದನ್ನು ನೋಡಬೇಕು. ತಪಸ್ಸುಕಾಲದ ಬಗ್ಗೆಯೇ ಇರುವ 49ನೇ ಅಧ್ಯಾಯದಲ್ಲಿ ಬೆನೆಡಿಕ್ಟ್ ಈ ಎಚ್ಚರವನ್ನು ಇನ್ನೂ ಬಿಗಿಯಾಗಿ ಹೇಳುತ್ತಾರೆ. ಊಟದಲ್ಲಿ, ನಿದ್ದೆಯಲ್ಲಿ, ಹರಟೆಯಲ್ಲಿ ಏನನ್ನಾದರೂ ಸ್ವಂತ ಇಚ್ಛೆಯಿಂದ ಕಡಿಮೆ ಮಾಡಿಕೊಳ್ಳಿ, ಆದರೆ ಮೊದಲು ಮಠಾಧಿಪತಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ. ಕೇಳದೆ ಮಾಡಿದ ತಪಸ್ಸು ಅವರ ಲೆಕ್ಕದಲ್ಲಿ ಬರೀ ಒಣಹೆಮ್ಮೆ. ನಮ್ಮ ಮನೆಗಳಲ್ಲಿ ಆ ಒಪ್ಪಿಗೆ ಕೊಡಬೇಕಾದವರು ಹೆಂಡತಿ, ಗಂಡ, ವಯಸ್ಸಾದ ತಾಯಿ. ನಲವತ್ತು ದಿನ ಉಪವಾಸವಿರುತ್ತೇನೆಂದು ಹೊರಟವರು ಅವರನ್ನು ಒಂದು ಮಾತು ಕೇಳಿದ್ದಾರೆಯೇ?

ಅತಿಯಾದ ತಪಸ್ಸಿನ ಬೆಲೆ ತಿಳಿದ ಇನ್ನೊಬ್ಬರು ಸಂತ ಇಗ್ನೇಷಿಯಸ್ ಲೊಯೋಲಾ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಿಂದಾಗಿ ನಮ್ಮವರಿಗೆ ಪರಿಚಿತವಾದ ಯೇಸುಸಭೆಯನ್ನು ಸ್ಥಾಪಿಸಿದವರು ಅವರೇ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು, ಕೂದಲು ಉಗುರು ಕತ್ತರಿಸದೆ ಬಿಟ್ಟಿದ್ದರು, ಕಠಿಣ ಉಪವಾಸ ಮಾಡುತ್ತಿದ್ದರು. ಮಾಡಿದ ಪಾಪಗಳ ಶಂಕೆ ಬಿಡದೆ ಕಾಡಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಮಲಗುವ ಹೊತ್ತಿಗೆ ಸರಿಯಾಗಿ ದೊಡ್ಡ ದೊಡ್ಡ ದೈವೀ ಅನುಭವಗಳು ಬಂದು ಇದ್ದ ಅಲ್ಪ ನಿದ್ದೆಯನ್ನೂ ಕಸಿಯುತ್ತಿದ್ದವು. ದೇವರಿಗೆಂದು ಇಡೀ ಹಗಲು ಕೊಟ್ಟಾಗಿದೆ, ನಿದ್ದೆಯ ವೇಳೆಗೇ ಬರುವ ಇವು ಒಳ್ಳೆಯ ಆತ್ಮದಿಂದ ಬಂದವೇ ಎಂದು ಅವರು ಅನುಮಾನಿಸಿದರು. ಕೊನೆಗೆ ಅವನ್ನು ಬಿಟ್ಟು ಮಲಗಿದರು. ಕೆಡಿಸಿಕೊಂಡ ಹೊಟ್ಟೆ ಮಾತ್ರ ಜೀವಮಾನವಿಡೀ ನೋಯಿಸಿತು. 1548ರಲ್ಲಿ, ಅತಿಯಾಗಿ ಮೈ ದಂಡಿಸಿಕೊಳ್ಳುತ್ತಿದ್ದ ಗಾಂದಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಾ ಅವರಿಗೆ ಇಗ್ನೇಷಿಯಸ್ ಪತ್ರ ಬರೆದು, ಪ್ರಾರ್ಥನೆಯ ಹೊತ್ತನ್ನು ಅರ್ಧಕ್ಕೆ ಇಳಿಸಿ, ದೇಹವನ್ನು ಗಟ್ಟಿ ಮಾಡಿಕೊಳ್ಳಿ ಎಂದರು. ಒಬ್ಬ ಸಂತ ಇನ್ನೊಬ್ಬ ಸಂತನಿಗೆ ಪ್ರಾರ್ಥನೆ ಕಡಿಮೆ ಮಾಡೆಂದು ಬರೆದ ಆ ಪತ್ರದ ವಿಷಯವನ್ನು ನಮ್ಮ ಧ್ಯಾನಕೂಟಗಳಲ್ಲಿ ಆಗಾಗ ಹೇಳಬೇಕು.

ಧರ್ಮಸಭೆಯ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1966ರಲ್ಲಿ ಆರನೇ ಪೌಲ್ ಜಗದ್ಗುರುಗಳು ಕಡ್ಡಾಯ ಉಪವಾಸವನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿದರು. ಅದೂ ಈಗಿನ ಕಾನೂನಿನಂತೆ 18 ತುಂಬಿದವರಿಗೆ, 59 ತುಂಬುವವರೆಗೆ ಮಾತ್ರ. ಸಕ್ಕರೆ ಕಾಯಿಲೆಯ ಅಜ್ಜಿ ಉಪವಾಸ ಮಾಡಲಿಲ್ಲವೆಂದು ನೊಂದುಕೊಂಡರೆ ಮೊಮ್ಮಕ್ಕಳು ಇದನ್ನು ತಿಳಿಸಿ ಹೇಳಬೇಕು.

ಮಠದ ಕಟ್ಟಳೆ ಸಂಸಾರಸ್ಥರಿಗೆ ಹೇಗಾಗುತ್ತದೆ ಎಂದು ಕೆಲವರು ಕೇಳಬಹುದು. ಕೆಂಗೇರಿಯ ಬಳಿಯ ಆಶೀರ್ವನಂ ಮಠದ ಸನ್ಯಾಸಿಗಳು ಇವತ್ತಿಗೂ ಬೆನೆಡಿಕ್ಟ್ ನಿಯಮದಂತೆಯೇ ಬದುಕುತ್ತಿದ್ದಾರೆ. ಆ ನಿಯಮ ಹೇಳುವಂತೆ ಎಂಟು ಹೊತ್ತು ಪ್ರಾರ್ಥಿಸಲು ನಮಗೆ ಆಗದು, ಆಗಬೇಕಾಗಿಯೂ ಇಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿದು, ಬಸ್ಸಿನಲ್ಲಿ ನಿಂತುಕೊಂಡೇ ಮನೆ ಸೇರುವ ತಾಯಿಯನ್ನು ನೆನೆಯಿರಿ. ಅಂದು ಸಂಜೆ ಜಪಸರದ ಕೂಟ ಅವಳ ಮನೆಗೆ ಬರುವ ಸರದಿ. ಇಪ್ಪತ್ತು ಜನ ಮರಿಯಮ್ಮನವರ ಮುಂದೆ ಕೂತು ಜಪಿಸುತ್ತಿರುವಾಗ ಅವಳು ಉಪ್ಪಿಟ್ಟು ತಿರುವುತ್ತಿರುತ್ತಾಳೆ. ಅವಳ ಮನೆಯಲ್ಲೇ ನಡೆದ ಪ್ರಾರ್ಥನೆ ಅವಳೊಬ್ಬಳಿಗೆ ಸಿಗಲಿಲ್ಲ. ಇದು ಅನ್ಯಾಯ, ಮತ್ತು ನಾವು ಮನಸ್ಸು ಮಾಡಿದರೆ ನಾಳೆಯೇ ಸರಿಪಡಿಸಬಹುದಾದ ಅನ್ಯಾಯ.

ಪಾಲನಾ ಸಮಿತಿಗಳಿಗೆ ನಮ್ಮ ವಿನಂತಿ: ಜಪಸರ ಬರುವ ಮನೆಯಲ್ಲಿ ತಿಂಡಿ ಕಾಫಿ ಬೇಡವೆಂದು ಧರ್ಮಕೇಂದ್ರದಿಂದಲೇ ಪ್ರಕಟಿಸಿ. ಧ್ಯಾನಕೂಟದ ಅಡುಗೆಗೆ, ಚರ್ಚು ಗುಡಿಸುವುದಕ್ಕೆ ಹೆಂಗಸರನ್ನಷ್ಟೇ ಕರೆಯದೆ ಗಂಡಸರನ್ನೂ ಯುವಕರನ್ನೂ ಸೇರಿಸಿ ಸರದಿ ಪಟ್ಟಿ ಬರೆದು ಬಾಗಿಲಲ್ಲಿ ಅಂಟಿಸಿ. ಪವಿತ್ರ ಗುರುವಾರ ಪಾದ ತೊಳೆಸಿಕೊಂಡು ಬಂದ ಗಂಡಸರು ಅಂದು ರಾತ್ರಿ ಮನೆಯ ಪಾತ್ರೆಗಳನ್ನು ತಾವೇ ತೊಳೆಯಲಿ, ಹೆಂಗಸರು ಪರಮಪ್ರಸಾದದ ಆರಾಧನೆಯಲ್ಲಿ ಕೊನೆಯವರೆಗೆ ಕೂರಲಿ. ನಿಮ್ಮ ಊರಿನ ಚರ್ಚಿನಲ್ಲಿ ಇಂಥ ಏರ್ಪಾಡು ಈಗಾಗಲೇ ನಡೆಯುತ್ತಿದ್ದರೆ ದಯವಿಟ್ಟು ನಮಗೆ ಬರೆಯಿರಿ. ಪಾಸ್ಖ ಸಂಚಿಕೆಯಲ್ಲಿ ಅಂಥ ಪತ್ರಗಳಿಗೆ ಜಾಗ ಮೀಸಲಿಟ್ಟಿದ್ದೇವೆ.